ಹೊಳೆ ದಾಟಿದ ಚರಿತ್ರೆ

ಚರಿತ್ರೆಯೆಂದೊಡನೆ ನಮ್ಮ ಮಕ್ಕಳ ಕಣ್ಣ ಮುಂದೆ ನಿಲ್ಲುವುದು ಹಂಪೆಯ ಕಲ್ಲಿನ ರಥ, ಬಾದಾಮಿಯ ಗುಹೆ, ವಿಜಯಪುರದ ಗೋಳಗುಮ್ಮಟ. ಅವನ್ನು ನೋಡಲು ವರ್ಷಕ್ಕೊಮ್ಮೆ ಶಾಲೆಯ ಪ್ರವಾಸ ಹೊರಡುತ್ತದೆ. ಮಕ್ಕಳು ಬುತ್ತಿ ಬಿಚ್ಚಿ ಉಂಡು, ಚಿತ್ರ ತೆಗೆಸಿಕೊಂಡು ಮರಳುತ್ತಾರೆ. ತಮ್ಮ ಊರಿನ ಬಸ್ ನಿಲ್ದಾಣದಿಂದ ಒಂದೆರಡು ಹರಿದಾರಿ ದೂರದಲ್ಲಿ, ಕಬ್ಬಿನ ಹೊಲಗಳಾಚೆ, ಒಂದು ಸಾವಿರ ವರ್ಷದ ಕಥೆ ಮಲಗಿದೆಯೆಂಬುದನ್ನು ಅವರಿಗೆ ಹೇಳಿದವರು ಕಡಿಮೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಮಾತನ್ನೇ ನಾನಿಲ್ಲಿ ಆಡುತ್ತಿದ್ದೇನೆ. ಕೆಂಪು ಬಸ್ಸಿನ ಒಂದು ಚೀಟಿ, ಗಟ್ಟಿಮುಟ್ಟಾದ ಒಂದು ಜೊತೆ ಮೆಟ್ಟು, ಒಂದು ಹಗಲಿನ ಬಿಡುವು ಇವಿಷ್ಟಿದ್ದರೆ ಸಾಕು. ಆ ಕಥೆಯನ್ನು ನಡೆದು ಓದಬಹುದು.

ಮೊದಲು ಹೊಳೆಯ ಹೆಸರನ್ನು ಕೇಳಿರಿ. ಇಂದು ನಾವು ಕೃಷ್ಣೆ ಎನ್ನುವ ಈ ನದಿಯನ್ನು ಹಳಗನ್ನಡದ ಶಾಸನಗಳು ‘ಪೆರ್ದೊರೆ’ ಎಂದು ಕರೆದಿವೆ. ಪಿರಿದಾದ ತೊರೆಯೇ ಪೆರ್ದೊರೆ. ನಡುಗನ್ನಡದಲ್ಲಿ ಅದೇ ಹೆದ್ದೊರೆ. ಮಹಾಬಳೇಶ್ವರದಲ್ಲಿ ಹುಟ್ಟಿ ಬರುವ ಈ ಹೆದ್ದೊರೆಗೆ ಸಹ್ಯಾದ್ರಿಯಿಂದ ಇಳಿದ ಪಂಚಗಂಗೆ, ದೂಧಗಂಗೆ, ವೇದಗಂಗೆಗಳು ಒಂದೊಂದಾಗಿ ನೀರು ತಂದೊಪ್ಪಿಸುವುದು ನಮ್ಮ ಈ ಸೀಮೆಯಲ್ಲಿಯೇ. ಘಟ್ಟದಲ್ಲಿ ಮಳೆ ಹುಯ್ಯುತ್ತದೆ, ಬಯಲಿನಲ್ಲಿ ಹೊಳೆ ಉಕ್ಕುತ್ತದೆ. ಹೀಗಾಗಿ ಅಥಣಿಯ ಕಡೆ ಮುಗಿಲಲ್ಲಿ ಒಂದು ಹನಿಯಿಲ್ಲದ ದಿನವೂ ದಂಡೆಯ ಊರು ನೀರಲ್ಲಿ ನಿಂತಿರುವುದುಂಟು.

ಇಂಥ ನಾಡಿನಲ್ಲಿ ಊರು ಬೆಳೆಯುವುದೆಲ್ಲಿ? ಹೊಳೆಯನ್ನು ದಾಟಲು ಬರುವಲ್ಲಿ. ಅಲ್ಲಿ ಎತ್ತಿನ ಗಾಡಿ ನಿಲ್ಲುತ್ತದೆ, ದೋಣಿಗಾಗಿ ಕಾಯುವ ಜನ ಕೂಡುತ್ತಾರೆ, ಸಂತೆ ನೆರೆಯುತ್ತದೆ, ಸುಂಕದವನು ಬಂದು ಕೂಡುತ್ತಾನೆ, ಗುಡಿ-ಬಸದಿಗಳು ಏಳುತ್ತವೆ, ಕೊನೆಗೆ ರಾಜರ ದಂಡೂ ಬರುತ್ತದೆ. ಆದುದರಿಂದ ಈ ಪ್ರಾಂತದ ಚರಿತ್ರೆಯನ್ನು ಅರಿಯಬೇಕಾದರೆ ಹೊಳೆ ದಾಟುವ ತಾಣಗಳನ್ನು ಕಾಲ್ನಡೆಯಲ್ಲಿ ಕಾಣಬೇಕು. ಅಂಥ ನಾಲ್ಕೈದು ತಾಣಗಳಿಗೆ ನಿಮ್ಮನ್ನು ಕರೆದೊಯ್ಯುತ್ತೇನೆ, ಬನ್ನಿರಿ.

ಪಶ್ಚಿಮದಿಂದ ಆರಂಭಿಸೋಣ. ನಿಪ್ಪಾಣಿಯು ನಿಂಬಾಳಕರ ದೇಸಾಯರ ಊರು. ಸಿದ್ದೋಜಿರಾವ್ ನಿಂಬಾಳಕರರ ತರುವಾಯ 1839ರಲ್ಲಿ ಅವರ ಸಂಸ್ಥಾನ ಇಂಗ್ಲಿಷ್ ಕಂಪನಿಯ ಪಾಲಾಯಿತು. ಮುಂದೆ ಇಲ್ಲಿಯ ಹೆಸರನ್ನು ದೂರದೂರಕ್ಕೆ ಒಯ್ದದ್ದು ತಂಬಾಕು. ಈ ತಂಬಾಕು ಬೆಳೆಯುವ ಮಣ್ಣು ವೇದಗಂಗೆ, ದೂಧಗಂಗೆಗಳು ತಂದು ಹಾಕಿದ್ದು. ನಿಪ್ಪಾಣಿಯಿಂದ ಬಸ್ಸು ಹಿಡಿದು ಭೋಜ ಗ್ರಾಮಕ್ಕೆ ಹೋಗಿರಿ. ಎರಡು ಹೊಳೆಗಳ ನಡುವಿನ ಊರದು. ಒಂದು ಕಡೆ ಕಾರದಗಾ, ಇನ್ನೊಂದು ಕಡೆ ಕುನ್ನೂರು. ಹೊಲದ ದಾರಿ ಹಿಡಿದು ನಡೆದರೆ ಎರಡೂ ಹೊಳೆಗಳನ್ನು ಒಂದೇ ದಿನದಲ್ಲಿ ನೋಡಬಹುದು.

ದಿಗಂಬರ ಜೈನ ಮುನಿಪರಂಪರೆಗೆ ಇಪ್ಪತ್ತನೆಯ ಶತಮಾನದಲ್ಲಿ ಹೊಸ ಜೀವ ತುಂಬಿದ ಆಚಾರ್ಯ ಶಾಂತಿಸಾಗರರು ಈ ಭೋಜದಲ್ಲಿ ಬೆಳೆದವರು. 1872ರಲ್ಲಿ ಹುಟ್ಟಿ 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹಬಿಟ್ಟ ಅವರ ಪೂರ್ವಾಶ್ರಮದ ಹೆಸರು ಸಾತಗೌಡ. ತರುಣ ಸಾತಗೌಡರು ವಿಹಾರಕ್ಕೆ ಬಂದ ಮುನಿಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದರೆಂದು ಅಲ್ಲಿಯ ಶ್ರಾವಕರು ಇಂದಿಗೂ ಹೇಳುತ್ತಾರೆ. ದಂಡೆಯಲ್ಲಿ ನಿಂತು, ಆ ಕೆಸರು, ಆ ಸೆಳವು ಎಂಥವೆಂದು ಕಂಡ ಮೇಲೆ ಆ ಹೆಗಲಿನ ಬಲ ಎಷ್ಟಿತ್ತೆಂಬುದು ನಿಮಗೇ ತಿಳಿಯುತ್ತದೆ.

ಇಲ್ಲಿಂದ ದೂಧಗಂಗೆಯ ಹರಿವಿನೊಡನೆ ಮೂಡಲಕ್ಕೆ ಸಾಗಿದರೆ ಸದಲಗಾ, ಅದರಾಚೆ ಯಕ್ಸಂಬಾ. ಚಿಕ್ಕೋಡಿಯಿಂದ ಬಸ್ಸಿದೆ. ಯಕ್ಸಂಬಾದಲ್ಲಿ ಒಂದು ಹಳೆಯ ನೇಮಿನಾಥ ಬಸದಿ. ಕೊಲ್ಲಾಪುರದ ಶಿಲಾಹಾರ ದೊರೆ ವಿಜಯಾದಿತ್ಯನ ದಂಡನಾಯಕನಾದ ಕಾಳಣನು ಅದನ್ನು ಕಟ್ಟಿಸಿದನೆಂದು 1165ರ ಶಾಸನ ತಿಳಿಸುತ್ತದೆ. ಆ ಬಸದಿಯ ಕೀರ್ತಿಯನ್ನು ಕೇಳಿ ಸವದತ್ತಿಯ ರಟ್ಟರ ಅರಸ ಕಾರ್ತವೀರ್ಯನು ತಾನೇ ಬಂದು ನೋಡಿ ಮೆಚ್ಚಿ ದಾನವಿತ್ತನಂತೆ. ದಾನವನ್ನು ಸ್ವೀಕರಿಸಿದವರು ಯಾಪನೀಯ ಸಂಘದ ಮುನಿ ವಿಜಯಕೀರ್ತಿ. ದಿಗಂಬರ-ಶ್ವೇತಾಂಬರಗಳ ನಡುವಣ ದಾರಿಯಲ್ಲಿ ನಡೆದು, ಸ್ತ್ರೀಯರಿಗೂ ಮೋಕ್ಷವುಂಟೆಂದು ಸಾರಿದ ಆ ಸಂಘ ಇಂದು ಉಳಿದಿಲ್ಲ; ಅದರ ನೆನಪನ್ನು ಕಾದಿಟ್ಟದ್ದು ಇಂಥ ಕಲ್ಲುಗಳು. ಒಂದು ರಾಜ್ಯದ ಸೇನಾಪತಿ ಕಟ್ಟಿಸಿದ ಬಸದಿಗೆ ಮತ್ತೊಂದು ರಾಜ್ಯದ ಅರಸ ಬಂದು ಕೈಮುಗಿದನೆಂದರೆ, ಈ ಹೊಳೆದಂಡೆಯ ಬಾಳುವೆ ಹೇಗಿದ್ದೀತೆಂದು ನೀವೇ ಊಹಿಸಿರಿ.

ಯಕ್ಸಂಬಾದಿಂದ ಮುಂದೆ ಕಲ್ಲೋಳ. ಇಲ್ಲಿ ದೂಧಗಂಗೆಯು ಕೃಷ್ಣೆಯನ್ನು ಸೇರುತ್ತಾಳೆ. ಸಮೀಪದಲ್ಲಿಯೇ ಯಡೂರು, ವೀರಭದ್ರನ ದೊಡ್ಡ ಗುಡಿ, ಹೊಳೆಗಿಳಿಯುವ ಮೆಟ್ಟಿಲು, ಸ್ನಾನಕ್ಕೆ ಬಂದ ಭಕ್ತರು. ಕಲ್ಲೋಳ-ಯಡೂರುಗಳ ನಡುವಿನ ತಗ್ಗು ಬಾಂದಾರ ಪ್ರತಿ ಮಳೆಗಾಲದಲ್ಲಿಯೂ ನೀರೊಳಗೆ ಮುಳುಗುತ್ತದೆ. ಮಳೆಗಾಲದ ಸುದ್ದಿಗಳಲ್ಲಿ ಈ ಹೆಸರನ್ನು ನೀವು ತಪ್ಪದೆ ಕೇಳಿದ್ದೀರಿ.

ಈಗ ಒಂದು ವಿಶೇಷವನ್ನು ಗಮನಿಸಿರಿ. ಯಡೂರಿನಿಂದ ಕೆಲವೇ ಮೈಲಿ ದೂರದಲ್ಲಿ, ಕೃಷ್ಣೆಯ ದಂಡೆಯ ಮೇಲೆಯೇ ಖಿದ್ರಾಪುರವಿದೆ. ಅಲ್ಲಿಯ ಕೊಪೇಶ್ವರನ ಗುಡಿ ಹನ್ನೆರಡನೆಯ ಶತಮಾನದ ಶಿಲಾಹಾರರ ಕೃತಿ. ಗುಡಿಯ ಮುಂದಣ ಸ್ವರ್ಗಮಂಟಪಕ್ಕೆ ನಡುವೆ ಚಾವಣಿಯಿಲ್ಲ. ಕಂಬಗಳ ವರ್ತುಲದ ನಡುವೆ ನಿಂತು ತಲೆಯೆತ್ತಿದರೆ ದುಂಡನೆಯ ಆಕಾಶ ಕಾಣುತ್ತದೆ. ಶಿವನ ಗುಡಿಯಲ್ಲವೆ, ನಂದಿಯೆಲ್ಲಿ ಎಂದು ಹುಡುಕಿದರೆ ನಂದಿಯಿಲ್ಲ! ನಂದಿ ಯಡೂರಿನಲ್ಲಿದ್ದಾನೆಂದು ಜನ ಹೇಳುತ್ತಾರೆ. ದಾಕ್ಷಾಯಣಿಯು ತವರಿನ ಯಜ್ಞಕ್ಕೆ ಹೊರಟಾಗ ನಂದಿಯನ್ನೇರಿ ಹೋದಳಂತೆ. ಅವಳು ಮರಳಲಿಲ್ಲ, ನಂದಿಯೂ ಅಲ್ಲಿಯೇ ಉಳಿದ. ಶಿವನು ಕೋಪದಿಂದ ಕೊಪೇಶ್ವರನಾದ. ದಕ್ಷನ ಯಜ್ಞವನ್ನು ಕೆಡಿಸಿದ ವೀರಭದ್ರನು ಯಡೂರಿನಲ್ಲಿಯೇ ನೆಲಸಿರುವುದನ್ನು ನೋಡಿದರೆ ಎರಡೂರು ಕೂಡಿ ಒಂದೇ ಪುರಾಣವನ್ನು ಹಂಚಿಕೊಂಡಿವೆಯೆಂಬುದು ಸ್ಪಷ್ಟ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಯಡೂರು ನಮ್ಮ ಕಡೆ ಬಂದಿತು, ಖಿದ್ರಾಪುರ ಆಚೆ ಉಳಿಯಿತು. ದೇವರು ಒಂದು ರಾಜ್ಯದಲ್ಲಿ, ಅವನ ವಾಹನ ಇನ್ನೊಂದು ರಾಜ್ಯದಲ್ಲಿ! ಭಕ್ತರು ಮಾತ್ರ ಎರಡೂ ಕಡೆ ಹೋಗಿ ಕಾಯಿ ಒಡೆಯುತ್ತಾರೆ.

ಖಿದ್ರಾಪುರದ ಗುಡಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ದೇವಗಿರಿಯ ಯಾದವ ದೊರೆ ಸಿಂಘಣನ ಸಂಸ್ಕೃತ ಶಾಸನವೊಂದು ನಾಗರಿ ಲಿಪಿಯಲ್ಲಿದೆ. ಅದರ ಕಾಲ ಶಕವರ್ಷ 1135, ಎಂದರೆ 1213ರ ಸುಮಾರು. ಕೊಪೇಶ್ವರನಿಗೆ ಸಿಂಘಣನು ಬಿಟ್ಟ ಊರಿನ ಹೆಸರು ಅದರಲ್ಲಿ ‘ಕೂಡಲದಾಮವಾಡ’ ಎಂದಿದೆ. ಇಂದಿನ ಕುರುಂದವಾಡವೇ ಅದು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕೂಡಲವೆಂದರೆ ಎರಡು ಹೊಳೆ ಕೂಡುವ ಜಾಗವೆಂಬುದು ಕೂಡಲಸಂಗಮವನ್ನು ಬಲ್ಲ ಕನ್ನಡಿಗರಿಗೆ ಹೇಳಬೇಕಾದ್ದಿಲ್ಲ. ಕುರುಂದವಾಡದ ಹತ್ತಿರವೇ ಪಂಚಗಂಗೆಯು ಕೃಷ್ಣೆಯನ್ನು ಕೂಡುತ್ತಾಳೆ. ಸಂಸ್ಕೃತದ ಶಾಸನ, ಯಾದವರ ದೊರೆ, ಇಂದು ಮರಾಠಿ ನುಡಿಯುವ ಊರು. ಅದರೊಳಗೆ ಒಂದು ಅಚ್ಚಗನ್ನಡದ ಪದ ಬೀಜದಂತೆ ಅಡಗಿ ಕೂತಿದೆ. ಭಾಷೆಗಳು ಒಂದನ್ನೊಂದು ಹೇಗೆ ಹೊದ್ದುಕೊಂಡು ಬದುಕಿವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇಲ್ಲಿ ಇನ್ನೊಂದು ದೊಡ್ಡ ಪ್ರಶ್ನೆಯೂ ಇದೆ. 1054ರ ಸುಮಾರಿನಲ್ಲಿ ಕಲ್ಯಾಣದ ಚಾಲುಕ್ಯ ಆಹವಮಲ್ಲ ಸೋಮೇಶ್ವರನಿಗೂ ಚೋಳ ರಾಜಾಧಿರಾಜನಿಗೂ ‘ಕೊಪ್ಪಂ’ ಎಂಬಲ್ಲಿ ಘೋರಯುದ್ಧವಾಯಿತು. ಚೋಳರಾಜ ಆನೆಯ ಮೇಲೆಯೇ ಮಡಿದನು. ಅವನ ತಮ್ಮ ರಾಜೇಂದ್ರನು ರಣರಂಗದಲ್ಲಿಯೇ ಪಟ್ಟಕಟ್ಟಿಕೊಂಡು ಸೋಲುತ್ತಿದ್ದ ಕಾಳಗವನ್ನು ತಿರುಗಿಸಿದನು. ಕೊಪ್ಪಂ ಎಲ್ಲಿದೆ? ಕೊಪ್ಪಳವೆಂದು ಕೆಲವರು, ಈ ಖಿದ್ರಾಪುರವೆಂದು ಕೆಲವರು. ತಮಿಳು ಶಾಸನಗಳು ಕೊಪ್ಪಂ ‘ಪೇರಾಱು’ವಿನ ದಂಡೆಯಲ್ಲಿತ್ತು ಎನ್ನುತ್ತವೆ. ಪೇರಾಱು ಎಂದರೂ ಹಿರಿಯ ಹೊಳೆ. ಅದು ನಮ್ಮ ಪೆರ್ದೊರೆಯ ತಮಿಳು ರೂಪವಷ್ಟೆ. ಗೆದ್ದ ರಾಜೇಂದ್ರನು ಕೊಲ್ಲಾಪುರದಲ್ಲಿ ಜಯಸ್ತಂಭ ನೆಟ್ಟನೆಂಬ ಮಾತೂ ಖಿದ್ರಾಪುರದ ಪಕ್ಷಕ್ಕೆ ಬಲ ಕೊಡುತ್ತದೆ. ಕಾಗವಾಡ ತಾಲ್ಲೂಕಿನ ಜುಗೂಳಕ್ಕೆ ಬಸ್ಸಿನಲ್ಲಿ ಹೋಗಿ ದಂಡೆಯಲ್ಲಿ ನಿಂತರೆ ಆಚೆ ದಡದಲ್ಲಿ ಖಿದ್ರಾಪುರ. ಬೆಳ್ಳಕ್ಕಿಗಳು ಸಾಲಾಗಿ ಕುಳಿತ ಆ ಶಾಂತವಾದ ದಂಡೆಯಲ್ಲಿ ಚೋಳ-ಚಾಲುಕ್ಯರ ಆನೆಗಳು ಘೀಳಿಟ್ಟಿರಬಹುದೆಂದು ನೆನೆದಾಗ ಪಠ್ಯಪುಸ್ತಕದ ಒಂದು ಸಾಲಿಗೆ ಮೈ ಬರುತ್ತದೆ.

ಕೃಷ್ಣೆಯ ಕೆಳಗಣ ಹರಿವಿನಲ್ಲಿ ಕುಡಚಿ-ಉಗಾರಗಳ ದಾಟು ಇದೆ. ಇದು ಹೊಸ ಕಾಲದ ದಾಟು. 1880ರ ದಶಕದಲ್ಲಿ ಮೀರಜ-ಬೆಳಗಾವಿ ರೈಲು ಇಲ್ಲಿ ಸೇತುವೆಯ ಮೇಲೆ ಹೊಳೆ ಹಾಯಿತು. 1939ರಲ್ಲಿ ಸ್ಥಾಪಿತವಾದ ಉಗಾರದ ಸಕ್ಕರೆ ಸಂಸ್ಥೆಯೊಡನೆ ಈ ದಂಡೆಯ ಬೇಸಾಯದ ಚಹರೆಯೇ ಬದಲಾಗತೊಡಗಿತು. ರೈಲಿಗೂ ಹಿಂದೆ ಇದೇ ಸೀಮೆ ಕಡಲಿಗೂ ವಿಜಯಪುರಕ್ಕೂ ನಡುವಣ ವ್ಯಾಪಾರದ ದಾರಿಯಾಗಿತ್ತು. 1639ರಲ್ಲಿ ಬಂದ ಜರ್ಮನ್ ಪ್ರವಾಸಿ ಮ್ಯಾಂಡೆಲ್‌ಸ್ಲೋ ಅಥಣಿಯನ್ನು ದೊಡ್ಡ ವ್ಯಾಪಾರದ ಊರೆಂದು ಬರೆದಿದ್ದಾನೆ. ಅದೇ ಶತಮಾನದಲ್ಲಿ ಇಂಗ್ಲಿಷ್ ಕಂಪನಿಯ ಗುಮಾಸ್ತರು ರಾಯಬಾಗದ ಪೇಟೆಯಲ್ಲಿ ಮೆಣಸು ಕೊಳ್ಳುತ್ತಿದ್ದರು. ಆ ರಾಯಬಾಗದ ಬಸದಿಯಲ್ಲಿ ರಟ್ಟರ ನಾಲ್ವಡಿ ಕಾರ್ತವೀರ್ಯನ ಕಾಲದ ಶಾಸನವಿದೆ. ಊರು 1949ರವರೆಗೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತು. ಒಂದು ಹಗಲಿನ ನಡಿಗೆಯಲ್ಲಿ ಎಷ್ಟು ಸೀಮೆಗಳ ಗೆರೆ ನಮ್ಮ ಕಾಲ ಕೆಳಗೆ ಹಾದುಹೋಗುತ್ತವೆ!

ಇಷ್ಟನ್ನು ಈಗಲೇ ಹೇಳಬೇಕೆನಿಸಿದ್ದಕ್ಕೆ ಕಾರಣವಿದೆ. ಸೇತುವೆಗಳು ಎತ್ತರವಾದಂತೆ ನಾವು ದಂಡೆಯಿಂದ ದೂರವಾದೆವು. ಬಸ್ಸು ಅಂಕಲಿ-ಮಾಂಜರಿಯ ಸೇತುವೆಯನ್ನು ಎರಡು ನಿಮಿಷದೊಳಗೆ ದಾಟುತ್ತದೆ. ಕಿಟಕಿಯ ಬಳಿ ಕುಳಿತವನು ಹೊಳೆಗೆ ಒಂದು ನಾಣ್ಯ ಎಸೆದು ಕಣ್ಣು ಮುಚ್ಚುತ್ತಾನೆ. ಇತ್ತ ದಂಡೆಯ ಊರುಗಳ ಬಾಳು ಕಷ್ಟಕ್ಕೆ ಸಿಕ್ಕಿದೆ. 2005, 2019, 2021 ಈ ವರ್ಷಗಳ ಮಹಾಪೂರವನ್ನು ಮರೆತವರಿಲ್ಲ. 2019 ಮತ್ತು 2021ರಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆಯು ಪುಣೆ-ಬೆಂಗಳೂರು ಹೆದ್ದಾರಿಯನ್ನೇ ಕಟ್ಟಿಹಾಕಿದಳು. ಮಣ್ಣಿನ ಗೋಡೆಗಳು ಕುಸಿದವು. ಜನ ದನಕರುಗಳೊಡನೆ ಎತ್ತರದ ಜಾಗಕ್ಕೆ ಬಂದರು. ಎಷ್ಟೋ ಶಾಲೆಗಳಲ್ಲಿ ಪಾಠ ನಿಂತು ಒಲೆ ಹೊತ್ತಿತು. ಇನ್ನೊಂದು ಕಡೆ ಅತಿಯಾದ ನೀರಾವರಿಯಿಂದ ಒಳ್ಳೆಯ ಎರೆ ಭೂಮಿ ಸವಳು-ಜವಳಾಗಿ, ಕಬ್ಬು ನಿಂತ ಮಡಿಗಳಲ್ಲಿ ಆಪು ಹುಲ್ಲು ಬೆಳೆಯುತ್ತಿದೆ. ಜೀವ ದೊಡ್ಡದು, ಪೂರಕ್ಕೆ ಸಿಕ್ಕ ಊರು ಎತ್ತರಕ್ಕೆ ಹೋಗುವುದೇ ಸರಿ. ಆದರೆ ಮನೆ ಸಾಗಿಸುವವರು ದೇವರ ಮೂರ್ತಿಯನ್ನು ಒಯ್ಯುತ್ತಾರೆ, ಬೀಸುವ ಕಲ್ಲನ್ನು ಒಯ್ಯುತ್ತಾರೆ. ಹೊಳೆದಂಡೆಯ ವೀರಗಲ್ಲನ್ನು ಯಾರು ಒಯ್ಯುತ್ತಾರೆ? ದಾಟಿನ ಹೆಸರು, ಹೊಲದ ಹೆಸರು, ದೋಣಿ ನಡೆಸಿದ ಮನೆತನದ ನೆನಪು, ಇವು ಯಾವ ಗಾಡಿಗೂ ಏರುವುದಿಲ್ಲ. ಅವನ್ನು ಕೇಳಿ ಬರೆದಿಡುವವರು ಬೇಕು.

ಆದುದರಿಂದ, ವಾಚಕರೇ, ದೀಪಾವಳಿ ಕಳೆದು ಹೊಳೆ ಇಳಿದ ಮೇಲೆ ಒಂದು ರವಿವಾರ ಹೊರಡಿರಿ. ಮಕ್ಕಳನ್ನು ಕರೆದುಕೊಳ್ಳಿರಿ, ರೊಟ್ಟಿಯ ಬುತ್ತಿ, ಕುಡಿಯುವ ನೀರು, ಒಂದು ನೋಟುಬುಕ್ಕು ಜೊತೆಗಿರಲಿ. ಇಳಿಯುವಾಗಲೇ ಕೊನೆಯ ಬಸ್ಸಿನ ವೇಳೆಯನ್ನು ಕಂಡಕ್ಟರರಲ್ಲಿ ಕೇಳಿಟ್ಟುಕೊಳ್ಳಿರಿ. ಹೊಲದ ಬದುವಿನ ಮೇಲೆ ನಡೆಯಿರಿ, ಬೆಳೆ ತುಳಿಯಬೇಡಿರಿ. ಕೃಷ್ಣೆಯಲ್ಲಿ ಮೊಸಳೆಗಳುಂಟು, ಊರವರು ಬೇಡವೆಂದಲ್ಲಿ ನೀರಿಗೆ ಇಳಿಯಬೇಡಿರಿ. ಮಳೆಗಾಲದಲ್ಲಿ ಬಾಂದಾರಗಳ ಹತ್ತಿರ ಸುಳಿಯಲೇಬಾರದು. ಶಾಸನದ ಕಲ್ಲು ಕಂಡರೆ ಎಣ್ಣೆ, ಸುಣ್ಣ, ಬಣ್ಣ ಹಚ್ಚಗೊಡದೆ ಚಿತ್ರ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ನಮಸ್ಕರಿಸಿ, “ಅಜ್ಜಾರ, ಸೇತುವೆ ಆಗೂಕಿಂತ ಮೊದಲ ಹೊಳಿ ಎಲ್ಲಿ ದಾಟತಿದ್ರಿ?” ಎಂದು ಕೇಳಿರಿ. ಆ ಒಂದು ಪ್ರಶ್ನೆಗೆ ಬರುವ ಉತ್ತರ ಯಾವ ಗ್ರಂಥದಲ್ಲಿಯೂ ಇರಲಾರದು. ಅದನ್ನು ದಿನಾಂಕ ಹಾಕಿ ಬರೆದುಕೊಳ್ಳಿರಿ; ಮುಂದಿನ ಪೂರಕ್ಕೆ ಮೊದಲೇ ಬರೆದುಕೊಳ್ಳಿರಿ.