‘ಗೃಹಭಂಗ’ದ ಹುಡುಗ ‘ಭಿತ್ತಿ’ಯಲ್ಲಿ

ಇಲಿ ಸತ್ತು ಬಿದ್ದರೆ ಊರು ಬಿಡಬೇಕು. ಹಳೆಯ ಮೈಸೂರು ಸೀಮೆಯಲ್ಲಿ ಸುಮಾರು ಅರ್ಧ ಶತಮಾನ ಕಾಲ ಮಕ್ಕಳಿಗೂ ತಿಳಿದಿದ್ದ ನಿಯಮವಿದು. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮುಂದಿನ ದಶಕಗಳಲ್ಲಿ ಹಳ್ಳಿಗಳಿಗೂ ಮತ್ತೆ ಮತ್ತೆ ಬಂತು. ಜನ ಮನೆಗೆ ಬೀಗ ಹಾಕಿ, ಊರಾಚೆ ಗುಡಿಸಲು ಕಟ್ಟಿಕೊಂಡು, ಮಾರಿ ತೊಲಗುವವರೆಗೆ ಕಾಯುತ್ತಿದ್ದರು.

ಸತ್ತವರ ಲೆಕ್ಕ ಸರ್ಕಾರಿ ವರದಿಗಳಲ್ಲಿದೆ. ಆದರೆ ಒಂದು ಮನೆಯೊಳಗೆ ಆಗ ಏನಾಯಿತು ಎಂಬುದನ್ನು ಅರಿಯಬೇಕಾದರೆ ಎಸ್.ಎಲ್. ಭೈರಪ್ಪನವರ ಎರಡು ಪುಸ್ತಕಗಳನ್ನು ಜೊತೆಗಿಟ್ಟು ಓದಬೇಕು. ಒಂದು, 1970ರ ಕಾದಂಬರಿ ‘ಗೃಹಭಂಗ’. ಇನ್ನೊಂದು, 1996ರಲ್ಲಿ ಬಂದ ಆತ್ಮಕಥೆ ‘ಭಿತ್ತಿ’. 2025ರಲ್ಲಿ ತೀರಿಕೊಂಡ ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ತಾಯಿಯನ್ನೂ ಒಡಹುಟ್ಟಿದವರನ್ನೂ ಬಾಲ್ಯದಲ್ಲೇ ಪ್ಲೇಗಿಗೆ ಕಳೆದುಕೊಂಡವರು.

ಕಾದಂಬರಿಯ ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯುವುದೆಲ್ಲ ಹೆಂಡತಿಯೇ. ಇತಿಹಾಸದ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಶಾನುಭೋಗಿಕೆ ವಂಶಪಾರಂಪರ್ಯವಾಗಿ ಗಂಡಸರ ಹೆಸರಿನಲ್ಲೇ ಬರುತ್ತಿದ್ದ ಹುದ್ದೆ. 1961ರ ಕಾಯಿದೆಯಿಂದ ಅದು ರದ್ದಾಯಿತು. ತಾಲ್ಲೂಕು ಕಚೇರಿಯ ಹಳೆಯ ಕಟ್ಟುಗಳನ್ನು ಬಿಚ್ಚಿದರೂ ಅಲ್ಲಿ ಸಿಗುವುದು ಚೆನ್ನಿಗರಾಯನಂಥವರ ರುಜು ಮಾತ್ರ. ಅಡುಗೆಮನೆಯ ಕೆಲಸ ಮುಗಿಸಿ ಗೆರೆ ಹಾಕಿ ಅಂಕಿ ತುಂಬಿದ ಕೈ ಯಾರದೆಂದು ಆ ಕಾಗದ ಹೇಳುವುದಿಲ್ಲ. ಅದನ್ನು ಹೇಳಲು ಕಾದಂಬರಿಯೇ ಬರಬೇಕಾಯಿತು.

ಹಾಗೆಂದು ‘ಗೃಹಭಂಗ’ವನ್ನು ದಾಖಲೆಯೆಂದೇ ಹಿಡಿಯುವುದೂ ತಪ್ಪು. ಇಲ್ಲಿ ಊರು, ಹೆಸರುಗಳು ಬೇರೆ. ಅದಕ್ಕಿಂತ ಮುಖ್ಯವಾಗಿ, ಎಲ್ಲವನ್ನೂ ಕಂಡು ಬದುಕುಳಿದ ಮಗ ವಿಶ್ವ ಇಲ್ಲಿ ಒಂದು ಮೂಲೆಯಲ್ಲಿದ್ದಾನೆ. ಕಥೆ ತಾಯಿಯದು. ತನ್ನ ನೋವನ್ನು ಮುಂದೆ ಮಾಡಬಹುದಾಗಿದ್ದ ಲೇಖಕ ಹಿಂದೆ ಸರಿದು ನಿಂತದ್ದರಿಂದಲೇ ನಂಜಮ್ಮ ಅಷ್ಟು ಎತ್ತರಕ್ಕೆ ಬೆಳೆದಳೆನ್ನಬೇಕು.

‘ಭಿತ್ತಿ’ಯಲ್ಲಿ ಆ ಹುಡುಗ ‘ನಾನು’ ಆಗುತ್ತಾನೆ. ವಾರಾನ್ನ ಉಂಡು ಓದುತ್ತಾನೆ, ತಮ್ಮನ ಹೆಣವನ್ನು ತಾನೇ ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ನಡೆಯುತ್ತಾನೆ. ಇಲ್ಲಿ ಕಣ್ಣೀರಿಗಿಂತ ಲೆಕ್ಕಾಚಾರವೇ ಹೆಚ್ಚು: ಊಟ ಎಲ್ಲಿ, ಫೀಸು ಹೇಗೆ. ಮುಂದಿನ ಭಾಗದಲ್ಲಿ ಸಾಹಿತ್ಯಲೋಕದ ಜಗಳಗಳು ಬರುತ್ತವೆ. ಅವು ಸ್ವಲ್ಪ ಉದ್ದವಾದವೆಂದು ಅನೇಕ ಓದುಗರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಆತ್ಮಕಥೆಯಲ್ಲಿ ಬಾಲ್ಯಕ್ಕಿರುವ ನಿರ್ಲಿಪ್ತಿ ಇತ್ತೀಚಿನ ಮನಸ್ತಾಪಗಳಿಗೆ ದಕ್ಕುವುದು ಕಷ್ಟ.

ಎರಡರಲ್ಲಿ ಯಾವುದು ನಿಜ ಎಂದು ಕೇಳುವವರಿದ್ದಾರೆ. ಕಾದಂಬರಿಯ ಒಂದೊಂದು ಪಾತ್ರಕ್ಕೂ ಆತ್ಮಕಥೆಯಲ್ಲಿ ಗುರುತು ಹಚ್ಚುತ್ತಾ ಹೋಗುವ ಈ ಆಟ ಹೆಚ್ಚು ದೂರ ಸಾಗದು. 26 ವರ್ಷಗಳ ಅಂತರದಲ್ಲಿ ಒಂದೇ ಮನೆಯ ಕಡೆಗೆ ಎರಡು ಸಲ ತಿರುಗಿ ನೋಡಿದವರು ಮೊದಲ ಸಲ ತಾಯಿಯನ್ನು ಕಂಡರು, ಎರಡನೆಯ ಸಲ ತಮ್ಮನ್ನು.

ತಾಯಿಯೂ ಇಲ್ಲ, ಆಸರೆಯಾಗಿದ್ದ ಅಕ್ಕಮ್ಮನೂ ಇಲ್ಲ ಎಂದಾದಾಗ ವಿಶ್ವನ ಕೈ ಹಿಡಿದು ಮಹಾದೇವಯ್ಯನವರು ಹೊರಡುವಲ್ಲಿಗೆ ಕಾದಂಬರಿ ಮುಗಿಯುತ್ತದೆ. ಹುಡುಗ ಮುಂದೆ ಏನಾದನೆಂದು ಅಲ್ಲಿ ಹೇಳಿಲ್ಲ. ‘ಭಿತ್ತಿ’ಯ ಹುಡುಗನಿಗೆ ಅಂಥ ಕೈ ಸಿಗಲಿಲ್ಲ; ಅವನು ಮುಂಬಯಿಯ ರೈಲ್ವೆ ನಿಲ್ದಾಣದಲ್ಲಿ ಕೂಲಿಯಾಗಿ ಮೂಟೆ ಹೊತ್ತ.