ಹತ್ತಿಬೀಜದ ನಾರು, ಕರಗಿ ಮತ್ತೆ ನೂಲು

ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಬಿಡಿಸಿದ ಮೇಲೂ ಹತ್ತಿಬೀಜಕ್ಕೆ ಗಿಡ್ಡ ನಾರು ಅಂಟಿಕೊಂಡಿರುತ್ತದೆ. ನೂಲಲು ಬಾರದ ಅದನ್ನು ತಾಮ್ರ-ಅಮೋನಿಯಾ ದ್ರಾವಣದಲ್ಲಿ ಕರಗಿಸಿ, ಸೂಕ್ಷ್ಮ ರಂಧ್ರಗಳಿಂದ ಎಳೆಯಾಗಿ ತೆಗೆದರೆ ಕ್ಯುಪ್ರೊ. ಕೋಟಿನ ಒಳಪದರಕ್ಕೆ ಹೆಸರಾದ ಬಟ್ಟೆ. ಬೇರೊಂದು ವಿಧಾನದಲ್ಲಿ, ಹೆಚ್ಚಾಗಿ ಮರದ ತಿರುಳಿನಿಂದ, ಆಗುವುದು ವಿಸ್ಕೋಸ್. ರೇಯಾನ್ ಎನಿಸಿಕೊಳ್ಳುವ ಇವೆರಡೂ ಹತ್ತಿಯಂತೆಯೇ ಸೆಲ್ಯುಲೋಸ್, ಬೆವರು ಹೀರುತ್ತವೆ. ಪಾಲಿಯೆಸ್ಟರ್ ಜೊತೆ ಸೇರಿಸಿ ‘ಕೃತಕ’ವೆಂದು ತಳ್ಳುವುದು ಅನ್ಯಾಯ. ಸಸ್ಯಮೂಲವಾದರೆ ನಿರಪಾಯವಲ್ಲವೇ ಎಂದರೆ, ಅದೂ ಅಲ್ಲ. ವಿಸ್ಕೋಸ್ ತಯಾರಿಕೆಗೆ ವಿಷಕಾರಿ ಕಾರ್ಬನ್ ಡೈಸಲ್ಫೈಡ್ ಬೇಕು, ಮರಕ್ಕೆ ನೆಲವೂ ಬೇಕು. ವಿಸ್ಕೋಸ್‌ಗೆ ಬೇಕಾದ ತಿರುಳು ತಯಾರಿಸುವ, ತುಂಗಭದ್ರೆಯ ದಡದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರ ಪೂರೈಸಲು ಊರಿನ ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಹಾಕಿದಾಗ, 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ಜನ ಆ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಹತ್ತಿಬೀಜದ ನಾರಿಗೆ ಬೇರೆ ಭೂಮಿ ಬೇಕಿಲ್ಲ. ರೇಯಾನ್ ಕೊಳ್ಳುವಾಗ ಅದು ಯಾವುದರಿಂದ, ಹೇಗೆ ತಯಾರಾಯಿತೆಂದು ಕೇಳಿ.