ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಅತಿ ಹೆಚ್ಚು ಆಡಿದ ಸಾಹಸಗಳು

ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಕಥೆ ಕಟ್ಟುತ್ತ, ದಾಳ ಉರುಳಿಸಿ ಪಾತ್ರಗಳ ಹಣೆಬರಹ ತೀರ್ಮಾನಿಸುವ ಆಟಗಳ ಪೈಕಿ ಮೊದಲು ಅಚ್ಚಾಗಿ ಮಾರುಕಟ್ಟೆಗೆ ಬಂದದ್ದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ರೂಪಿಸಿದ ಈ ಆಟವನ್ನು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಊರಿನ ಟಿ.ಎಸ್.ಆರ್. ಸಂಸ್ಥೆ 1974ರಲ್ಲಿ ಪ್ರಕಟಿಸಿತು. ಆಟ ನಡೆಸುವಾತ ಡಂಜನ್ ಮಾಸ್ಟರ್. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಮುಂತಾದ ಪಾತ್ರ ವಹಿಸುತ್ತಾರೆ. ಮಾಸ್ಟರ್ ತಾನೇ ಕಥೆ ಹೆಣೆಯಬಹುದು, ಇಲ್ಲವೇ ನಕ್ಷೆ, ಶತ್ರುಗಳು, ನಿಧಿ ಎಲ್ಲದರ ವಿವರವಿರುವ ಸಿದ್ಧ ಪುಸ್ತಿಕೆಯನ್ನು ಕೊಂಡು ಆಡಿಸಬಹುದು. ಇಂಥ ಪುಸ್ತಿಕೆಯೇ ಮಾಡ್ಯೂಲ್.

ಮನೆಮನೆಗಳಲ್ಲಿ ನಡೆದ ಆಟಗಳನ್ನು ಯಾರೂ ಎಣಿಸಿಟ್ಟಿಲ್ಲ. ಹಾಗಾಗಿ ಯಾವ ಸಾಹಸವನ್ನು ಹೆಚ್ಚು ಮಂದಿ ಆಡಿದ್ದಾರೆ ಎಂಬುದನ್ನು ಅಚ್ಚಾದ ಪ್ರತಿಗಳು, ಮರುಮುದ್ರಣಗಳು ಮತ್ತು ಆಟಗಾರರ ನೆನಪುಗಳಿಂದಲೇ ಅಂದಾಜು ಮಾಡಬೇಕು. ಈ ಲೆಕ್ಕದಲ್ಲಿ ಒಂದು ಮಾತು ಸ್ಪಷ್ಟ: ಹೊಸಬರು ಕೊಳ್ಳುವ ಪೆಟ್ಟಿಗೆಯೊಳಗೇ ಸೇರಿ ಬಂದ ಸಾಹಸಗಳನ್ನು ಮಿಕ್ಕವುಗಳಿಂದ ಹಿಂದಿಕ್ಕಲಾಗಿಲ್ಲ.

ಆಟದ ಪುಸ್ತಕದಲ್ಲಿ ಅಚ್ಚಾದ ಮೊದಲ ಸಾಹಸ ಆರ್ನಸನ್ ಅವರ ‘ಟೆಂಪಲ್ ಆಫ್ ದ ಫ್ರಾಗ್’ (1975). ಟಿ.ಎಸ್.ಆರ್. ಬಿಡಿ ಮಾಡ್ಯೂಲ್‌ಗಳನ್ನು ಮಾರಲು ತೊಡಗಿದ್ದು 1978ರಲ್ಲಿ, ದೈತ್ಯರ ವಿರುದ್ಧ ಹೋರಾಡುವ ಗೈಗ್ಯಾಕ್ಸ್ ಅವರ ಮೂರು ಪುಸ್ತಿಕೆಗಳೊಂದಿಗೆ. ಆರಂಭಿಕರ ಪೆಟ್ಟಿಗೆಯಲ್ಲಿ ಮೊದಲು ಮೈಕ್ ಕಾರ್ ಬರೆದ ‘ಇನ್ ಸರ್ಚ್ ಆಫ್ ದಿ ಅನ್‌ನೋನ್’ ಇತ್ತು. ಅದರ ಜಾಗಕ್ಕೆ ಬಂದದ್ದು ಗೈಗ್ಯಾಕ್ಸ್ ಅವರ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’. 1981ರ ಹೊಸ ಪೆಟ್ಟಿಗೆಯಲ್ಲೂ ಅದೇ ಮುಂದುವರಿಯಿತು. ಅದರ 15 ಲಕ್ಷಕ್ಕೂ ಹೆಚ್ಚು ಪ್ರತಿಗಳು ಅಚ್ಚಾದವೆಂಬ ಅಂದಾಜಿದೆ.

‘ಕೀಪ್’ನ ಕಥೆ ಸರಳ. ನಾಡಿನ ಗಡಿಯಲ್ಲೊಂದು ಕೋಟೆ, ಅದರಾಚೆ ಕಾಡು, ಕಾಡಿನ ಕಣಿವೆಯ ಎರಡೂ ಬದಿಗೆ ಗುಹೆಗಳು. ಒಂದೊಂದು ಗುಹೆಯಲ್ಲೂ ದುಷ್ಟಜೀವಿಗಳ ಒಂದೊಂದು ಬಣ: ಕೋಬೋಲ್ಡ್, ಓರ್ಕ್, ಗಾಬ್ಲಿನ್, ನೋಲ್, ಮಿನೋಟಾರ್. ಇವರೆಲ್ಲ ಆಟಗಾರರ ಕತ್ತಿಗೆ ಸಿಕ್ಕಲೆಂದು ಕಾದು ಕುಳಿತ ಗೊಂಬೆಗಳಲ್ಲ. ಗಾಬ್ಲಿನ್‌ಗಳ ಮೇಲೆ ಯಾರಾದರೂ ಏರಿಬಂದರೆ ಅವು ಗುಪ್ತದ್ವಾರದಿಂದ 250 ಚಿನ್ನದ ನಾಣ್ಯಗಳ ಚೀಲವನ್ನು ಪಕ್ಕದ ಗುಹೆಯ ಓಗರ್‌ನತ್ತ ಎಸೆಯುತ್ತವೆ. ಅದು ಹಣ ಪಡೆದು ಅವುಗಳ ಪರವಾಗಿ ಕಾದಾಡಲು ಬರುತ್ತದೆ. ಇತ್ತ ಕೋಟೆಯೊಳಗೆ ನಗುನಗುತ್ತ ಮಾತಾಡಿಸುವ ಅತಿಥಿ ಪಾದ್ರಿಯೊಬ್ಬನಿದ್ದಾನೆ. ಅವನನ್ನು ನಂಬಿ ಜೊತೆಗೆ ಕರೆದೊಯ್ದ ತಂಡಕ್ಕೆ ಗುಹೆಯಲ್ಲಿ ಅವನೇ ಶತ್ರು. ಕೋಟೆಯ ಅಧಿಪತಿ, ಛತ್ರದ ಯಜಮಾನ ಮುಂತಾದವರಿಗೆ ಪುಸ್ತಿಕೆ ಹೆಸರನ್ನೇ ಕೊಟ್ಟಿಲ್ಲ. ಅದು ಮಾಸ್ಟರ್‌ಗೆ ಬಿಟ್ಟ ಕೆಲಸ. ಹೀಗೆ ಜಾಗ ಬಿಟ್ಟದ್ದೇ ಈ ಮಾಡ್ಯೂಲಿನ ದೊಡ್ಡ ಗುಣ. ಒಂದೇ ಪುಸ್ತಿಕೆ ಒಂದೊಂದು ಮನೆಯಲ್ಲಿ ಒಂದೊಂದು ಕಥೆಯಾಯಿತು. ಆಡಿಸುವ ಕಲೆಯನ್ನೇ ಒಂದು ಪೀಳಿಗೆಗೆ ಕಲಿಸಿತು.

ಖ್ಯಾತಿಯ ಲೆಕ್ಕವೇ ಬೇರೆ. 2004ರಲ್ಲಿ ‘ಡಂಜನ್’ ಪತ್ರಿಕೆ ಅತ್ಯುತ್ತಮ 30 ಸಾಹಸಗಳನ್ನು ಆರಿಸಿದಾಗ ‘ಕೀಪ್’ಗೆ ಸಿಕ್ಕಿದ್ದು ಏಳನೆಯ ಸ್ಥಾನ. ದೈತ್ಯರ ಸಾಹಸಗಳನ್ನೂ ಅವುಗಳ ಮುಂದಿನ ಭಾಗಗಳನ್ನೂ ಒಟ್ಟುಗೂಡಿಸಿದ ‘ಕ್ವೀನ್ ಆಫ್ ದ ಸ್ಪೈಡರ್ಸ್’ (1986) ಮೊದಲ ಸ್ಥಾನ ಪಡೆಯಿತು. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿಯ ‘ರೇವನ್‌ಲಾಫ್ಟ್’ (1983) ಎರಡನೆಯದು. ರಕ್ತಪಿಶಾಚಿ ಸ್ಟ್ರಾಡ್‌ನ ಕೋಟೆಯ ಈ ಕಥೆಯಲ್ಲಿ ಮುಖ್ಯ ವಸ್ತುಗಳು ಎಲ್ಲಿ ಅಡಗಿವೆ ಎಂಬುದನ್ನು ಕಣಿ ಹೇಳುವಾಕೆಯ ಇಸ್ಪೀಟ್ ಎಲೆಗಳೇ ನಿರ್ಧರಿಸುತ್ತವೆ. ಆದ್ದರಿಂದ ಪ್ರತಿ ಬಾರಿಯ ಆಟವೂ ಬೇರೆ. 2016ರಲ್ಲಿ ‘ಕರ್ಸ್ ಆಫ್ ಸ್ಟ್ರಾಡ್’ ಆಗಿ ಮತ್ತೆ ಬಂದು ಹೊಸ ಓದುಗರನ್ನೂ ಹಿಡಿದಿಟ್ಟಿತು. ಮೂರನೆಯದಾದ ‘ಟೂಂಬ್ ಆಫ್ ಹಾರರ್ಸ್’ (1978) ಹುಟ್ಟಿದ್ದು 1975ರ ‘ಒರಿಜಿನ್ಸ್’ ಸಮಾವೇಶದ ಸ್ಪರ್ಧೆಗಾಗಿ. ಅದರ ಗೋಡೆಯಲ್ಲಿನ ಹಸಿರು ಪಿಶಾಚಿಮುಖದ ಬಾಯಿಗೆ ಇಳಿದ ಪಾತ್ರ ಹೇಳಹೆಸರಿಲ್ಲದಂತೆ ಅಳಿದುಹೋಗುತ್ತದೆ. ಅದನ್ನು ಮುಗಿಸಿದವರಿಗಿಂತ ಅದರಲ್ಲಿ ಸತ್ತವರ ಕಥೆಗಳೇ ಹೆಚ್ಚು.

1997ರಲ್ಲಿ ಟಿ.ಎಸ್.ಆರ್. ಅನ್ನು ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ ಕೊಂಡುಕೊಂಡಿತು. ಅದು 2014ರಲ್ಲಿ ಆಟದ ಐದನೆಯ ಆವೃತ್ತಿಯನ್ನು ತಂದಾಗ ಆರಂಭಿಕರ ಪೆಟ್ಟಿಗೆಯಲ್ಲಿ ದಾಳಗಳು, ಸಿದ್ಧಪಡಿಸಿದ ಐದು ಪಾತ್ರಗಳು ಮತ್ತು ರಿಚ್ ಬೇಕರ್, ಕ್ರಿಸ್ ಪರ್ಕಿನ್ಸ್ ಬರೆದ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’ ಇದ್ದವು. ಸಾಮಾನು ಹೇರಿದ ಎತ್ತಿನ ಬಂಡಿಯೊಂದಿಗೆ ಹೊರಟ ತಂಡಕ್ಕೆ ದಾರಿಗಡ್ಡವಾಗಿ ಬಾಣ ನಾಟಿದ ಎರಡು ಸತ್ತ ಕುದುರೆಗಳು ಕಾಣುತ್ತವೆ. ಪೊದೆಯಲ್ಲಿ ಗಾಬ್ಲಿನ್‌ಗಳು ಹೊಂಚುಹಾಕಿರುತ್ತವೆ. ಎಚ್ಚರ ತಪ್ಪಿದರೆ ಹೊಸ ಪಾತ್ರಗಳು ಅಲ್ಲೇ ಮಡಿಯಬಹುದು. ಕಳೆದ ದಶಕದಲ್ಲಿ ಈ ಆಟ ಕಲಿತ ಅಸಂಖ್ಯ ಜನರ ಮೊದಲ ಅನುಭವ ಇದೇ. ಹೆಸರುವಾಸಿ ಪಾಡ್‌ಕಾಸ್ಟ್ ‘ದಿ ಅಡ್ವೆಂಚರ್ ಜೋನ್’ ಕೂಡ ಶುರುವಾದದ್ದು ಈ ಸಾಹಸದಿಂದಲೇ. 2023ರಲ್ಲಿ ಇದನ್ನು ವಿಸ್ತರಿಸಿ ದೊಡ್ಡ ಪುಸ್ತಕವಾಗಿ ತಂದರು.

ಹೊಸ ಪೀಳಿಗೆಯ ಮಟ್ಟಿಗೆ ‘ಫ್ಯಾಂಡೆಲ್ವರ್’ಗೆ ಮೊದಲ ಸ್ಥಾನ ಕೊಡಬೇಕು, ಒಟ್ಟು ಇತಿಹಾಸ ನೋಡಿದರೆ ಆ ಮಾನ ‘ಕೀಪ್’ನದು. ಐದನೆಯ ಆವೃತ್ತಿಯನ್ನು ಸಾರ್ವಜನಿಕರ ಕೈಯಲ್ಲಿ ಆಡಿಸಿ ಪರೀಕ್ಷಿಸಲು 2012ರಲ್ಲಿ ಆಯ್ದುಕೊಂಡದ್ದು ಅದರ ಗುಹೆಗಳನ್ನೇ. 2025ರಲ್ಲಿ ಬಂದ ಆರಂಭಿಕರ ಪೆಟ್ಟಿಗೆ ‘ಹೀರೋಸ್ ಆಫ್ ದ ಬಾರ್ಡರ್‌ಲ್ಯಾಂಡ್ಸ್’ ಸಹ ಅದೇ ಕೋಟೆ, ಅದೇ ಗುಹೆಗಳ ಮೇಲೆ ಕಟ್ಟಿದ್ದು.